ಏಳನೇ ತಿಂಗಳ ಹಾಳೆ

ಕಬ್ಬಿಣದ ಮಾತ್ರೆ ಎಣಿಸಿ ಕೊಟ್ಟು, ತೂಕ ಬರೆದು,
ಕೊನೆಗೆ ಈ ಹಾಳೆ ತೆಗೆಯುತ್ತೇನೆ.
ಕೊತ್ತತ್ತಿ ಉಪಕೇಂದ್ರ, ಬುಧವಾರ, ಕರೆಂಟು ಹೋದ ಹೊತ್ತು.
ನಿದ್ದೆ ಹೇಗಿದೆ? ಹೆರಿಗೆಯಾದ ಮೇಲೆ ಜೊತೆಗೆ ಯಾರಿರುತ್ತಾರೆ?
ಕಾರಣವಿಲ್ಲದೆ ಅಳು ಬಂದದ್ದುಂಟೇ?
‘ಕಾರಣ ಇದ್ರೆ ಬರ್ಕೊಳಲ್ವಾ ಮೇಡಂ?’
ಅಂದಿದ್ದಳು ಶಿವಮಾದೇವಿ, ನಗದೆ.

ಅವಳಿಗೆ ಬಂದ ಅಂಕ ಹತ್ತೊಂಬತ್ತು.
ತಾಯಿ ಇಲ್ಲ, ಮೊದಲನೆಯದು ಉಳಿಯಲಿಲ್ಲ,
ಗಂಡ ಆಲೆಮನೆ ಕೆಲಸಕ್ಕೆ ಹೋದರೆ ಅಲ್ಲೇ ಮಲಗುವವನು.
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.
ತನುಜಾಳಿಗೆ ಎರಡು. ಬಿ.ಎಡ್. ಓದಿದವಳು,
ಸೀಮಂತದ ಫೋಟೊ ತೋರಿಸಿದಳು: ಹಸಿರು ಬಳೆ ಮೊಣಕೈವರೆಗೆ.
ಅವಳ ಹಾಳೆಯನ್ನು ಕಡತದ ಅಡಿಗೆ ತಳ್ಳಿದೆ.

ಇಬ್ಬರಿಗೂ ಒಂದೇ ವಾರ ಹೆರಿಗೆ.
ಮೊದಲು ಕೆಂಪು ಸುತ್ತಿನ ಮನೆಗೇ ಓಡಿದೆ.
ಶಿವಮಾದೇವಿ ಒಲೆಯ ಮುಂದೆ ಕೂತು
ಮಗುವಿಗೆ ಬೈಯುತ್ತಿದ್ದಳು:
‘ನಿಮ್ಮಪ್ಪನಂಗೇ ಕಣೋ, ಉಂಡ್ ತಕ್ಷಣ ಗೊರಕೆ!’
ನನಗೂ ಒಂದು ಲೋಟ ಕಾಫಿ. ಬೆಲ್ಲ ಜಾಸ್ತಿ.

ತನುಜಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.
ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿಯ ಘಾಟು,
ತೊಟ್ಟಿಲ ತುಂಬ ಯಾರಾರೋ ತಂದ ಟೋಪಿಗಳು.
‘ಮಗು ಚೆನ್ನಾಗಿದೆ’ ಅಂದಳು,
ಪಕ್ಕದ ಮನೆಯವರ ಮಗುವನ್ನು ಹೊಗಳುವ ಹಾಗೆ.

ಬಚ್ಚಲಿಂದ ಸೆರಗು ಹಿಂಡುತ್ತ ಬಂದ ದೊಡ್ಡತಾಯಮ್ಮ,
ಊರಿನ ಬಾಣಂತಿಯರಿಗೆಲ್ಲ ನೀರು ಹಾಕುವವಳು,
ನನ್ನನ್ನು ಹಿತ್ತಿಲಿಗೆ ಕರೆದಳು:
‘ಮೂರ್ನೇ ದಿನ್ವೇ ಗೊತ್ತಾಯ್ತು ಕಣವ್ವ.
ಹಂಡೇಲಿ ಕುದ್ದ ನೀರ ಬೆನ್ನಿಗೆ ಹುಯ್ದೆ.
ಎಲ್ರೂ ಉಸ್ ಅಂತಾರೆ, ನನ್ನ ವಂಶಾನೇ ಜಾಲಾಡ್ತಾರೆ.
ಈ ಮಗ ಉಸ್ ಅನ್ನಲಿಲ್ಲ.
ಅವರವ್ವಂಗೆ ಹೇಳ್ದೆ.
ನನ್ ಮಗಳು ಸಾಧು ಅಂದ್ಲು.’

ಗುರುವಾರ ಮಂಡ್ಯದ ದೊಡ್ಡಾಸ್ಪತ್ರೆಗೆ ಹೊರಟೆವು.
ಮೂರು ಹೆಂಗಸರು, ಮೂರು ಸೊನ್ನೆಯ ಟಿಕೆಟ್ಟು,
ಮಗು ದೊಡ್ಡತಾಯಮ್ಮನ ತೊಡೆಯ ಮೇಲೆ.
ತನುಜಾ ಕಿಟಕಿಯಾಚೆ ನೋಡುತ್ತ
ನಾಲೆ ಕಣ್ಮರೆಯಾಗುವವರೆಗೂ ಅತ್ತಳು.
ಕಾರಣ ಕೇಳುವುದು ನನ್ನ ಕೆಲಸ. ಕೇಳಲಿಲ್ಲ.

ಈಗ ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲಿನಲ್ಲಿ ಗೀಚುತ್ತೇನೆ:
ನೀರು ಹಾಕುವವರು ಯಾರು?
ಜಿಲ್ಲಾ ಕಚೇರಿಯವರು ಫೋನು ಮಾಡಿದ್ದರು,
ಇದು ಯಾವ ಕಾಲಂ, ಇದಕ್ಕೆಷ್ಟು ಅಂಕ ಅಂತ.
ಏನೋ ಒಂದು ಹೇಳಿದೆ.

ಇನ್ನೊಂದು ಫೋನು ಬಂದದ್ದು ಬೆಳಗಿನ ಆರಕ್ಕೆ,
ಮೊಮ್ಮಗನ ಮೊಬೈಲಿಂದ, ಹಂಡೆಯ ಸದ್ದಿನ ನಡುವೆ:
‘ಬೈದ್ಲು ಕಣವ್ವೋ!
ಸುಟ್ಟಾಕ್ಬುಟ್ಯಲ್ಲೇ ಮುದುಕಿ ಅಂದ್ಲು!’