ಅಂಗೈ ಲೆಕ್ಕ

ಹದಿನಾರು ವರ್ಷ ನಿನ್ನ ಚೆಂಡು ಹಿಡಿದವನು ನಾನು, ವಿಠಲ.
ಈ ಕಿರುಬೆರಳು ಸೊಟ್ಟಗಾದದ್ದು ಪಡುಬಿದ್ರಿಯ ಸೆಮಿಫೈನಲಿನಲ್ಲಿ,
ಉಂಗುರಬೆರಳು ಕಾಪುವಿನಲ್ಲಿ, ಮಳೆ ಬಂದು ನಿಂತ ಮೇಲೆ.
ಮದುವೆಯ ದಿನ ಗೆಣ್ಣು ದಾಟದೆ ಉಂಗುರ ನಿಂತಾಗ
ಭಟ್ಟರು ಸಾಬೂನು ತರಿಸಿದರು.
ನೀನು ಹಿಂದೆ ನಿಂತು ನಗುತ್ತಿದ್ದಿ.

ಮೊದಮೊದಲು ದುಡ್ಡಿರಲಿಲ್ಲ.
ಗೆದ್ದರೆ ಬಾಳೆಗೊನೆ, ಇಲ್ಲವೇ ಕಾಲು ಕಟ್ಟಿದ ಹುಂಜ.
ಆಮೇಲೆ ಬೈಂದೂರಿನಿಂದ ಒಬ್ಬ ಫೋನು ಮಾಡಿದ:
ರಾತ್ರಿಗೆ ಎಂಟುನೂರು, ಬಸ್ಸಿನ ಖರ್ಚು, ಕೋರಿರೊಟ್ಟಿ.
"ಕೀಪರು ನನ್ನವನೇ" ಅಂದಿ ನೀನು.
ನನಗೆ ಬರೀ ಊಟ.

ಕೊಯ್ಲು ಮುಗಿದ ಗದ್ದೆ, ಶಾಲೆಯ ಅಂಗಳ, ಹೊನಲು ಬೆಳಕು,
ಬಾಡಿಗೆಗೆ ಹೋದ ತೋಳು.
ಶುಕ್ರವಾರ ಒಂದು ಅಂಗಿ, ಶನಿವಾರ ಇನ್ನೊಂದು,
ಬೆನ್ನ ಮೇಲೆ ಶರೀಫ್, ಜೋಯ್ಸನ್,
ಒಮ್ಮೆ ಹೆಸರೇ ಇಲ್ಲ, 'ಶಾಮಿಯಾನ ಮತ್ತು ಧ್ವನಿವರ್ಧಕ' ಅಷ್ಟೆ.
ಯಾರ ಪರ ಎಸೆದರೂ ಚೆಂಡು
ನನ್ನ ಕಡೆಗೇ ಬರುತ್ತಿತ್ತು.

ಕಾಲರು ಎಳೆದರೆ ನಿಧಾನದ್ದು.
ಮೂಗೊರೆಸಿದರೆ ಕಾಲಬುಡಕ್ಕೆ.
ಏನೂ ಮಾಡದಿದ್ದರೆ
ದೇವರೇ ಗತಿ, ಅವನಿಗೂ, ನನಗೂ.

ನಿನ್ನ ಭುಜ ಮೊದಲು ಹೇಳಿದ್ದು ನಿನಗಲ್ಲ.
ಹೆಜಮಾಡಿಯಲ್ಲಿ ಒಂದು ಚೆಂಡು ಉರಿಯದೆ ಬಂತು,
ಅಂಚೆಯವ ಕಾಗದ ಕೊಟ್ಟು ಹೋದ ಹಾಗೆ.
ನೀನು ನನ್ನ ಮುಖವನ್ನೇ ನೋಡುತ್ತಿದ್ದಿ.
ನಾನು ಕೈ ಕೊಡವಿದೆ,
ಬೆಂಕಿ ಮುಟ್ಟಿದವನ ಹಾಗೆ, "ಅಬ್ಬ ಮಾರಾಯ!" ಅಂದೆ.

ಎರಡು ಸೀಸನ್ ಕೊಡವಿದೆ.
ಮೈಕಿನವ ಇನ್ನೂ ಮಲ್ಪೆಯ ಮಿಂಚು ಎನ್ನುತ್ತಿದ್ದ.
ಮಿಂಚಿಗೆ ನೋವಿನೆಣ್ಣೆಯ ವಾಸನೆ.
ಎರ್ಮಾಳಿನ ಮೀಸೆ ಮೂಡದ ಹುಡುಗನೊಬ್ಬ
ನಾಲ್ಕು ಸಿಕ್ಸರು ಹೊಡೆದ,
ಕೊನೆಯದು ಚರುಮುರಿ ಗಾಡಿಯ ಆಚೆಗೆ.
ಆ ರಾತ್ರಿ ಲಕೋಟೆ ಕೊಟ್ಟಾಗ ನೀನು ದೀಪದ ಕಂಬದಡಿ ನಿಂತು
ಮೊದಲ ಸಲ ಎಣಿಸಿದಿ.
ಬಸ್ಸಿನಲ್ಲಿ ಕೇಳಿದಿ, "ನಿನಗೆ ಯಾವಾಗಿನಿಂದ ಗೊತ್ತು?"
ಕಟಪಾಡಿ ಬರುವವರೆಗೆ ನಾನು
ಟಿಕೇಟು ಹುಡುಕುತ್ತಿದ್ದೆ.

ಈಗ ನೀನು ಬೋಟಿನಲ್ಲಿ, ನಾನು ಧಕ್ಕೆಯಲ್ಲಿ ಐಸಿನ ಗಾಡಿಗೆ.
ನಿನ್ನೆ ಬೋಟು ಅಂಚಿಗೆ ಬರುವಾಗ ಹಗ್ಗ ಎಸೆದಿ,
ಒದ್ದೆ ಹಗ್ಗ, ಒಂದು ಮಾರು ಈಚೆಗೇ ನೀರಿಗೆ ಬಿತ್ತು.
ಹುಡುಗರು ನಕ್ಕರು.
ಎಳೆದುಕೊಂಡಿ, ಸುರುಳಿ ಸುತ್ತಿದಿ,
ಮೂಗೊರೆಸಿದಿ.
ನಾನು ಕಾಲಬುಡಕ್ಕೆ ಬಾಗಿದೆ.

ಎಡಗೈಯ ಎಸೆತ.
ನಾರು ಅಂಗೈ ಸವರಿಕೊಂಡು ಹೋಯಿತು.
ಈ ಸಲ ನಿಜಕ್ಕೂ ಉರಿಯಿತು, ವಿಠಲ.
ಕೊಡವಲು ಪುರುಸೊತ್ತಿರಲಿಲ್ಲ,
ಹಿಂದಿನಿಂದ ಇನ್ನೊಂದು ಬೋಟು ಹಾರನ್ ಹೊಡೆಯುತ್ತಿತ್ತು.