ಔಟ್‌ಟರ್ನ್

ಐವತ್ತು ಕಿಲೋ ಚೆರಿ ಚೀಲದಿಂದ
ಸಿಪ್ಪೆ, ಧೂಳು, ಕಲ್ಲು, ಹುಳ ತಿಂದದ್ದು ಕಳೆದು
ಎಷ್ಟು ಕಾಳು ಕೈಗೆ ಬರುತ್ತದೋ ಅದು ಔಟ್‌ಟರ್ನ್.
ಇಪ್ಪತ್ತಾರು ಬಂದರೆ ಪರವಾಗಿಲ್ಲ. ಇಪ್ಪತ್ತೆಂಟು ಬಂದರೆ
ಕಾಫಿ ಬೆಳೆದವನು ನಮಗೆ ಟೀ ಕುಡಿಸಿ ಹೋಗುತ್ತಾನೆ.
ಕೂಡಿಗೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಒಂಬತ್ತು ವರ್ಷ ನಾನು ಮಾಡಿದ ಲೆಕ್ಕ ಇದೊಂದೇ.

ಆದ್ದರಿಂದ ಮಡಿಕೇರಿಯ ಕಚೇರಿಯಲ್ಲಿ
ದೇಚಮ್ಮ ಮೇಡಂ ಕನ್ನಡಕ ಒರೆಸುತ್ತಾ
'ನಷ್ಟ ಏನೇನಾಯಿತು, ಒಂದೊಂದಾಗಿ ಹೇಳಿ ದಮಯಂತಿ' ಅಂದಾಗ
ನನಗೇನೂ ಹೊಸದೆನಿಸಲಿಲ್ಲ.

(ಕಾರ್ಖಾನೆಯಲ್ಲೂ ಒಂದು ಸಮಿತಿ ಇತ್ತು, ಬೋರ್ಡಿನ ಮೇಲೆ.
ನಾಲ್ಕು ಹೆಸರು. ಒಬ್ಬರು ನಿವೃತ್ತರು, ಒಬ್ಬರು ತೀರಿಕೊಂಡವರು,
ಒಬ್ಬರು ಅವನ ಚಿಕ್ಕಮ್ಮ.
ನಾಲ್ಕನೆಯದು ನನ್ನದೇ. ಯಾರೂ ಹೇಳಿರಲಿಲ್ಲ.)

ಆಸ್ಪತ್ರೆ ಖರ್ಚಿಗೆ ರಸೀದಿ ಇದೆ, ನಿದ್ದೆ ಮಾತ್ರೆಗೂ ಇದೆ.
ಬಸ್ಸಿಗೆ ಖರ್ಚಿಲ್ಲ; ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ.
ಆ ಹನ್ನೊಂದು ಸೊನ್ನೆಗಳಿಗೂ ಪಿನ್ ಹೊಡೆದು ಕೊಟ್ಟೆ:
ಒಂದೊಂದು ಸೊನ್ನೆಗೂ ಒಂದು ದಿನದ ಕೂಲಿ ಹೋಗಿದೆ, ಬರೆದುಕೊಳ್ಳಿ.
ಆನೆಕಾಡಿನ ತಿರುವಿನಲ್ಲಿ ಎರಡು ಸಲ ವಾಂತಿ.
ಅದಕ್ಕೆ ಚೀಟಿ ಕೊಡುವುದಿಲ್ಲ.

ಇನ್ನು ಮೂಗು.
ಮುಗ್ಗಲು, ಹುಳಿ, ಮಣ್ಣು, ಹೊಗೆ,
ಚೀಲದ ಬಾಯಿ ಬಿಚ್ಚುತ್ತಲೇ ಹೇಳುತ್ತಿದ್ದೆ.
ರುಚಿ ನೋಡುವ ತರಬೇತಿಗೆ ಬೆಂಗಳೂರಿಗೆ ಹೋಗುವ ಪಟ್ಟಿಯಲ್ಲಿ
ನನ್ನ ಹೆಸರಿತ್ತು. ಅವನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದನ್ನು
ಸುಹರಾ ಕಂಡಿದ್ದಳು; ಬಂದು ಹೇಳಿದಳು, ಪುಣ್ಯಾತ್ಗಿತ್ತಿ.
ಮೂರನೇ ಗೋಡೌನಿನಲ್ಲಿ, ಚೀಲಗಳ ಸಂದಿಯಲ್ಲಿ,
ಅವನು ಅಡ್ಡ ನಿಂತ ದಿನದಿಂದ
ಯಾವ ಚೀಲ ಬಿಚ್ಚಿದರೂ ಅವನ ಬಾಯಿಯ ಪಾನ್ ಮಸಾಲೆ.
ಏಲಕ್ಕಿ. ನಮ್ಮ ಬೆಟ್ಟದ ಏಲಕ್ಕಿ.
ಪಾಯಸಕ್ಕೂ ಹಾಕುವುದಿಲ್ಲ ಈಗ.

ಪೆನ್ನು ನಿಂತಿತು. 'ಇದಕ್ಕೆ ಎಷ್ಟು ಬರೆಯಲಿ?'
ಕಾನೂನಿನಲ್ಲಿ ಮೂಗಿಗೆ ಕಲಮಿಲ್ಲ.
'ಮಾನಸಿಕ ಯಾತನೆ'ಯ ಕೆಳಗೆ ಸೇರಿಸಿದರು,
ಕರಿಕಾಳು ಮುರುಕಾಳು ಎಲ್ಲ ಒಂದೇ ಚೀಲಕ್ಕೆ ಸುರಿದ ಹಾಗೆ.
ಅವನ ಆದಾಯವನ್ನೂ ನೋಡಬೇಕಂತೆ:
ನನ್ನ ನೋವನ್ನು
ಅವನ ಕಿಸೆಯ ಅಳತೆಗೆ ಹೊಲಿಯಬೇಕಂತೆ.

ಎರಡು ಲಕ್ಷ ಹದಿನಾರು ಸಾವಿರ. ಇಪ್ಪತ್ತನಾಲ್ಕು ಕಂತು.
ಅವನ ಸಂಬಳದಲ್ಲಿ ಹಿಡಿದು ತಿಂಗಳಿಗೆ ಒಂಬತ್ತು ಸಾವಿರ.

ದುಡ್ಡಿಗೋಸ್ಕರ ಮಾಡಿದ್ದು ಅಂತ ಗುಡ್ಡೆಹೊಸೂರಿನಲ್ಲಿ ಮಾತು.
ಹೌದು.
ಅದಕ್ಕೂ ಮೊದಲು ಒಂಬತ್ತು ತಿಂಗಳು
ಸುಮ್ಮನಿರುವ ಕೆಲಸವನ್ನು ಬಿಟ್ಟಿಯಾಗಿ ಮಾಡಿದ್ದೆ.

ಪಾಸ್‌ಬುಕ್ಕಿನ ಯಂತ್ರ ಕರಕರ ಅಂದು
ಕಾರ್ಖಾನೆಯ ಹೆಸರು ಹೊಡೆಯುತ್ತದೆ, ಪಕ್ಕದಲ್ಲಿ 'ಸ್ಯಾಲರಿ'.
ಬೇರೆ ಕಾಲಂ ಇಲ್ಲವಂತೆ.
'ಮತ್ತೆ ಕೆಲಸಕ್ಕೆ ಸೇರಿದ್ರಾ ಅಕ್ಕ?' ಬ್ಯಾಂಕಿನ ಹುಡುಗ ಕೇಳಿದ.
'ಸೇರಿದೆ. ರಾತ್ರಿ ಪಾಳಿ.'

ಮಾರ್ಚ್. ಹೂಮಳೆ ಬಿದ್ದು ಒಂಬತ್ತು ದಿನ.
ಸುಂಟಿಕೊಪ್ಪದವರೆಗೂ ತೋಟವೆಲ್ಲ ಬಿಳಿ.
ಬಸ್ಸಿನಲ್ಲಿ ಎಲ್ಲರೂ ಕಿಟಕಿ ಸರಿಸಿ ಉಸಿರೆಳೆದರು.
ನನಗೆ ಬಿಳಿ ಮಾತ್ರ.

ಹದಿಮೂರನೇ ಕಂತು ಐದಕ್ಕೆ ಬರಲಿಲ್ಲ, ಆರಕ್ಕೂ ಇಲ್ಲ.
ಏಳಕ್ಕೆ ಕಾರ್ಖಾನೆಗೆ ಫೋನು ಮಾಡಿದೆ.
ಲೆಕ್ಕದ ಹುಡುಗಿ, ಹೊಸಬಳು: 'ಯಾವ ಬಾಬ್ತು ಮೇಡಂ?'
ಹೇಳಿದೆ. ಯಾರ ಸಂಬಳದಿಂದ ಅಂತಲೂ ಹೇಳಿದೆ.
ಆಚೆ ಬದಿಯಲ್ಲಿ ಹಲ್ಲರ್ ಓಡುವ ಸದ್ದು, ತುಂಬಾ ಹೊತ್ತು.
ಆಮೇಲೆ ದನಿ ತಗ್ಗಿಸಿ,
'ಮೂರನೇ ಗೋಡೌನಾ ಅಕ್ಕ?'

ನಾನು ಕೊಡಗಿನ ಯಾವ ಕಾಫಿಯ ಹಾಗೂ ಅಲ್ಲದ
ಒಂದು ಉಸಿರು ಎಳೆದುಕೊಂಡೆ.
'ಹೂಂ. ಪೆನ್ನು ಇದೆಯಾ?
ಮಡಿಕೇರಿಯ ನಂಬರ್ ಬರ್ಕೋ.
ಬಸ್ಸಿನ ಸೊನ್ನೆ ಚೀಟಿ ಇದ್ದರೂ ಎತ್ತಿಡು.'