ಸರೋವರ ಇದ್ದ ಜಾಗ

ಬೆಳಿಗ್ಗೆ ಎಂಟೂವರೆ, ಪೆಟ್ರೋಲ್ ಬಂಕಿನೆದುರು
ಬಸ್ಸು ಹತ್ತಿದವರು ಹನ್ನೊಂದು ಮಂದಿ.
ಹತ್ತು ಜನ ಹಣ ಕೊಟ್ಟವರು.
ಹನ್ನೊಂದನೆಯವಳು ಬೊಗುಮಿಲಾ, ಪೋಲೆಂಡಿನವಳು,
ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಿಂದ
ಆರು ವರ್ಷದಲ್ಲಿ ಮೊದಲ ಸಲ ಪೂರಾ ಒಂದು ಹಗಲು ಪಡೆದವಳು.
ಮುಂದಿನ ಸೀಟು ಇವಳಿಗೆ ಎಂದೆ.
ಯಾರೂ ತಕರಾರು ಮಾಡಲಿಲ್ಲ. ಜರ್ಮನಿಯ ಮುದುಕ ಮಾತ್ರ ಕೆಮ್ಮಿದ.

ಡಾಂಬರು ಮುಗಿಯುವಲ್ಲಿ ಇಳಿದು
ನಾಲ್ಕೂ ಚಕ್ರದ ಗಾಳಿ ಅರ್ಧ ಬಿಟ್ಟೆ.
ಉಸಿರು ಬಿಟ್ಟ ಟೈರು ಕಲ್ಲನ್ನು ತಬ್ಬಿ ನಡೆಯುತ್ತದೆ,
ಉಬ್ಬಿದ್ದು ಪುಟಿದು ಬೀಳುತ್ತದೆ.
ಮೈಕಿನಲ್ಲಿ ಇದನ್ನು ಹೇಳಿದರೆ
ಎಲ್ಲರೂ ತತ್ವವೆಂದು ತಲೆದೂಗುತ್ತಾರೆ.
ನಾನು ಹೇಳಿದ್ದು ಟೈರಿನ ವಿಷಯ.

ಆಮೇಲೆ ಹೊಳೆಗಳು. ಹೆಸರಿರುವವು,
ನಿನ್ನೆ ರಾತ್ರಿ ಹುಟ್ಟಿ ಇನ್ನೂ ನಾಮಕರಣವಾಗದವು.
ಹಿಮನದಿ ಬೀಸಿದ ಕಲ್ಲಿನ ಹಿಟ್ಟು ಕಲಸಿಕೊಂಡು
ಬೂದು ಗಂಜಿಯಂತೆ ಹರಿಯುತ್ತವೆ, ತಳ ಕಾಣದು.
ಅಪ್ಪ ಕಲಿಸಿದ್ದು ಇಷ್ಟೇ:
ಸದ್ದು ಮಾಡುವ ಕಡೆ ದಾಟು,
ಸುಮ್ಮನಿರುವ ನೀರನ್ನು ನಂಬಬೇಡ.
ಅಪ್ಪ ಸ್ವತಃ ಸುಮ್ಮನಿರುತ್ತಿದ್ದ.

ಗೀಗ್‌ಯೋಕುಲ್ ಎದುರು ನಿಲ್ಲಿಸಿ
ದಿನಾ ಮಾಡುವಂತೆ ಕೈ ಚಾಚಿದೆ:
ಅಗೋ, ಸರೋವರ.
ಕಣ್ಣಿಗೆ ಬೀಳುವುದು ಜಲ್ಲಿ, ಕಪ್ಪು ಮರಳು, ಮತ್ತೆ ಜಲ್ಲಿ.
ಮೇಲೆ ಬಂಡೆಯ ಗಂಟಲಲ್ಲಿ ಸಿಕ್ಕಿಕೊಂಡ ಹಿಮದ ನಾಲಗೆ.
ಎರಡು ಸಾವಿರದ ಹತ್ತು, ಏಪ್ರಿಲ್. ಬೆಟ್ಟ ಬಾಯಿ ತೆರೆಯಿತು,
ಕರಗಿದ್ದೆಲ್ಲ ಕೆಸರಾಗಿ ಇಳಿಯಿತು,
ಸರೋವರ ತುಂಬಿಹೋಯಿತು
ನೀರಿನಿಂದಲ್ಲ, ನೆಲದಿಂದ.
ಆಳ ಎಷ್ಟಿತ್ತು ಎಂದು ಕೇಳುತ್ತಾರೆ. ಲೆಕ್ಕ ಒಪ್ಪಿಸುತ್ತೇನೆ.
ನೀಲಿ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.
ತೇಲುವ ಮಂಜುಗಡ್ಡೆ ಒಂದಕ್ಕೊಂದು ತಾಗಿ
ಪಕ್ಕದ ಅಡುಗೆಮನೆಯಲ್ಲಿ ಯಾರೋ ಲೋಟ ತೊಳೆದಂತೆ ಕೇಳುತ್ತಿತ್ತು.
ಆ ಮಾತು ಟಿಕೆಟ್ಟಿನಲ್ಲಿ ಸೇರಿಲ್ಲ.

ಬೊಗುಮಿಲಾ ಬಗ್ಗಿ ಒಂದು ಹಿಡಿ ಎತ್ತಿ
ಹೆಬ್ಬೆರಳಲ್ಲಿ ಉಜ್ಜಿದಳು, ಬಟ್ಟೆಯ ನೂಲು ನೋಡುವವರ ಹಾಗೆ.
"ಇದಾ?" ಎಂದಳು. "ಇದು ಗೊತ್ತು ನನಗೆ.
ಸಾಕ್ಸಿನಲ್ಲಿ, ದಿಂಬಿನ ಚೀಲದಲ್ಲಿ, ಮಕ್ಕಳ ಟೋಪಿಯ ಹೊಲಿಗೆಯಲ್ಲಿ.
ಎರಡು ಸಲ ಜಾಲಿಸಿದರೂ ಮೂರನೇ ನೀರಿಗೆ ಬರುತ್ತೆ.
ಯಂತ್ರದ ಜಾಲರಿಯಿಂದ ವಾರಕ್ಕೊಂದು ಡಬ್ಬಿ ತೆಗೆದು
ಹಿತ್ತಲಿಗೆ ಸುರೀತೀನಿ."

ಆರು ವರ್ಷ ಈ ಕಣಿವೆ
ಡಬ್ಬಿ ಡಬ್ಬಿಯಾಗಿ ಅವಳ ಹಿತ್ತಲು ಸೇರುತ್ತಿತ್ತು.
ನಾನಿಲ್ಲಿ ಮೈಕು ಹಿಡಿದು ಅದರ ವಯಸ್ಸು ಹೇಳುತ್ತಿದ್ದೆ.

ಲೌಂಗಿದಾಲುರ್‌ನ ಬರ್ಚ್ ಮರಗಳ ಕೆಳಗೆ ಊಟ.
ಸುಟ್ಟ ರೊಟ್ಟಿ, ಹೊಗೆ ಹಾಕಿದ ಕುರಿಮಾಂಸ.
ಅವಳು ಬೇಯಿಸಿದ ಮೊಟ್ಟೆ ಸುಲಿದು
ಕೇಳದೆಯೇ ಅರ್ಧ ನನ್ನ ಕೈಗಿಟ್ಟಳು.
ಉಪ್ಪು ಮರೆತಿದ್ದಳು.

ನಾಲ್ಕು ಗಂಟೆಗೆ ಕ್ರೊಸ್ಸೌ ಬೇರೆಯೇ ಹೊಳೆ.
ಬಿಸಿಲು ಮೇಲೆ ಮಾಡಿದ ಸಾಲವೆಲ್ಲ ಕೆಳಗೆ ವಸೂಲಿಗೆ ಬಂದಿತ್ತು.
ಬೆಳಗಿನ ಜಾಡು ಇಲ್ಲ.
ಕೋಲು ಹಿಡಿದು ಇಳಿದೆ. ಮೊಣಕಾಲು. ತೊಡೆ.
ನೀರಿನಡಿ ಉರುಳುವ ಕಲ್ಲುಗಳು ಹಲ್ಲು ಕಡಿಯುತ್ತಿದ್ದವು.
ತಿರುಗಿ ನೋಡಿದರೆ ಗಾಜಿನ ಹಿಂದೆ ಹನ್ನೊಂದು ಮುಖ.
ಸರೋವರ ತೋರಿಸಿದಾಗ ಇಲ್ಲದ ನಂಬಿಕೆ
ಈಗ ಎಲ್ಲಿಂದ ಬಂತೋ.

ದಾಟಿದೆವು. ಚಪ್ಪಾಳೆ.
ಅವಳು ತಟ್ಟಲಿಲ್ಲ,
ಬಾಗಿಲಡಿ ನುಗ್ಗಿದ ನೀರನ್ನು ತನ್ನ ಶಾಲಿನಿಂದ ಒರೆಸುತ್ತಿದ್ದಳು,
ಇವತ್ತು ರಜೆ ಎಂಬುದನ್ನೇ ಮರೆತು.

ಬಂಕಿನೆದುರು ಇಳಿಯುವಾಗ ಕೇಳಿದೆ, ಇನ್ನೊಮ್ಮೆ ಬರುತ್ತೀಯಾ?
"ನಾನೇನು ಬರೋದು," ಎಂದಳು,
"ನಾಳೆ ಬೆಳಿಗ್ಗೆ ಅದೇ ಬರುತ್ತಲ್ಲ,
ಹದಿನಾಲ್ಕನೇ ಕೋಣೆಯ ಹಾಸಿಗೆಯಲ್ಲಿ."

ಟೈರಿಗೆ ಗಾಳಿ ತುಂಬುತ್ತ ಕೂತೆ, ಪ್ಯಾಂಟು ಇನ್ನೂ ಒದ್ದೆ.
ಮೂರನೇ ಚಕ್ರಕ್ಕೆ ಬಂದಾಗ ಹೊಳೆಯಿತು:
ಆ ಲೋಟಗಳ ಸದ್ದು
ಅವಳಿಗೆ ಹೇಳಬಹುದಿತ್ತು.